ಎಗ್ರಿಮೆಂಟ್ ಅವಧಿ ಮುಗಿದರೆ ಮನೆ ಬಿಡಬೇಕಾ?

ಪ್ರಶ್ನೆ: ನಾವು ಕಾಸರಗೋಡಿನ ನುಳ್ಳಿಪ್ಪಾಡಿಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಮೊದಲು 11 ತಿಂಗಳ ಎಗ್ರಿಮೆಂಟ್ ಇತ್ತು. ಎರಡು ಸಲ ಹೊಸದು ಮಾಡಿದರು, ಆಮೇಲೆ ಯಾರೂ ಕೇಳಲಿಲ್ಲ. ಬಾಡಿಗೆ ಮಾತ್ರ ತಪ್ಪದೆ ಕೊಡುತ್ತಿದ್ದೇವೆ. ಮಾಲೀಕರು ದುಬೈಯಲ್ಲಿದ್ದಾರೆ, ಅವರ ಅಣ್ಣ ಬಂದು ಕೈಯಲ್ಲೇ ಬಾಡಿಗೆ ತಗೊಂಡು ಹೋಗುತ್ತಾರೆ. ಈಗ ಅವರು, "ಕೇಂದ್ರ ಸರ್ಕಾರದ ಹೊಸ ಬಾಡಿಗೆ ಕಾನೂನು ಬಂದಿದೆ, ಎಗ್ರಿಮೆಂಟ್ ಇಲ್ಲದವರು ಡಬಲ್ ಬಾಡಿಗೆ ಕೊಡಬೇಕು, ಇದಕ್ಕೆ ಸಹಿ ಹಾಕಿ" ಎಂದು ಮಲಯಾಳದಲ್ಲಿ ಬರೆದ ಕಾಗದ ಕೊಟ್ಟಿದ್ದಾರೆ. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕದಿದ್ದರೆ ಮನೆ ಬಿಡಬೇಕಾಗುತ್ತದಾ?

ಉತ್ತರ: ಸಹಿ ಈಗಲೇ ಹಾಕಬೇಡಿ. ಮನೆಯನ್ನೂ ಈಗ ಬಿಡಬೇಕಿಲ್ಲ. ಆದರೆ ಬಾಡಿಗೆಯನ್ನು ಒಂದು ತಿಂಗಳೂ ಬಾಕಿ ಇಡಬೇಡಿ. ನಿಮಗೆ ತುರ್ತಾಗಿ ಬೇಕಾದದ್ದು ಇಷ್ಟು. ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದನ್ನು ಇನ್ನು ನಿಧಾನವಾಗಿ ನೋಡೋಣ.

ಮಾಲೀಕರ ಅಣ್ಣ ಹೇಳಿದ "ಹೊಸ ಕಾನೂನು" ಪೂರ್ತಿ ಕಟ್ಟುಕಥೆ ಅಲ್ಲ. 2021ರ ಜೂನ್ 2ರಂದು ಕೇಂದ್ರ ಸಂಪುಟ "ಮಾದರಿ ಬಾಡಿಗೆ ಕಾಯ್ದೆ" ಎಂಬ ಒಂದು ಕರಡನ್ನು ಒಪ್ಪಿ ಎಲ್ಲ ರಾಜ್ಯಗಳಿಗೂ ಕಳಿಸಿತು. ಡಬಲ್ ಬಾಡಿಗೆಯ ಮಾತು ಬಂದದ್ದು ಅಲ್ಲಿಂದಲೇ. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ಭೂಮಿ, ಮನೆ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧ, ಇವೆಲ್ಲ ಸಂವಿಧಾನದ ಪ್ರಕಾರ ರಾಜ್ಯಗಳ ಕೈಯಲ್ಲಿರುವ ವಿಷಯ. ರಾಜ್ಯದ ವಿಧಾನಸಭೆ ತನ್ನದೇ ಕಾನೂನು ಪಾಸು ಮಾಡುವವರೆಗೆ ದೆಹಲಿಯ ಕರಡು ನಿಮ್ಮ ಮನೆಯ ಬಾಗಿಲಿಗೆ ಬರುವುದಿಲ್ಲ. ಇನ್ನೊಂದು ಮಾತನ್ನು ಈ ಕಾಯ್ದೆಯ ಹೆಸರಿನಲ್ಲಿ ಓಡಾಡುವ ವಾಟ್ಸಾಪ್ ಮೆಸೇಜುಗಳು ಹೇಳುವುದೇ ಇಲ್ಲ. ಮಾದರಿ ಕಾಯ್ದೆ ಮುಂದಿನ ಬಾಡಿಗೆಗಳಿಗೆ ಮಾತ್ರ, ಈಗಾಗಲೇ ಇರುವ ಬಾಡಿಗೆಗಳಿಗೆ ಅಲ್ಲ ಎಂದು ಅದನ್ನು ಹೊರತಂದಾಗಲೇ ಕೇಂದ್ರ ಹೇಳಿತ್ತು. ಅಂದರೆ ನಿಮ್ಮಂಥ ಒಂಬತ್ತು ವರ್ಷದ ಬಾಡಿಗೆದಾರರ ಮೇಲೆ ಅದನ್ನು ತೋರಿಸಿ ಹೆದರಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಹಾಗಾದರೆ ನಿಮಗೆ ಅನ್ವಯ ಆಗುವುದು ಯಾವುದು? 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮೊದಲು ನಮಗೆ ಮದ್ರಾಸಿನ ಬಾಡಿಗೆ ಕಾನೂನಿತ್ತು, ತಿರುವಿದಾಂಕೂರು ಕೊಚ್ಚಿಗೆ ಬೇರೆಯದೇ ಇತ್ತು. 1959ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾನೂನು ಮಾಡಿದರು, 1965ರಲ್ಲಿ ಅದರ ಜಾಗಕ್ಕೆ ಈಗಿನದು ಬಂತು. ಈ ಕಾಯ್ದೆ ಸರ್ಕಾರ ಅಧಿಸೂಚನೆ ಹೊರಡಿಸಿದ ಊರುಗಳಿಗೆ ಅನ್ವಯಿಸುತ್ತದೆ. ನುಳ್ಳಿಪ್ಪಾಡಿ ನಗರಸಭೆಯ ಒಳಗಿದೆ, ಹಾಗಾಗಿ ನಿಮಗೆ ಆ ಚಿಂತೆ ಬೇಡ. ಒಳಗಿನ ಪಂಚಾಯತುಗಳಲ್ಲಿ ಇರುವವರು ಮಾತ್ರ ತಮ್ಮ ಊರು ಆ ಪಟ್ಟಿಯಲ್ಲಿದೆಯಾ ಎಂದು ವಕೀಲರ ಹತ್ತಿರ ಕೇಳಿಕೊಳ್ಳಬೇಕು. ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರಲ್ಲಿ ತಿಂಗಳ ಲೆಕ್ಕದ ಬಾಡಿಗೆಯನ್ನು 15 ದಿನದ ನೋಟಿಸಿನಿಂದ ಮುಗಿಸಬಹುದು. ರಕ್ಷಣೆ ತುಂಬಾ ಕಡಿಮೆ.

1965ರ ಕಾಯ್ದೆಯ ಜೀವ ಇರುವುದು 11ನೇ ಕಲಂನಲ್ಲಿ. ಬೇರೆ ಯಾವ ಕಾನೂನಿನಲ್ಲಿ ಏನೇ ಇರಲಿ, ನೀವೇ ಸಹಿ ಹಾಕಿದ ಕರಾರಿನಲ್ಲಿ ಏನೇ ಬರೆದಿರಲಿ, ಈ ಕಾಯ್ದೆ ಹೇಳಿದ ಕಾರಣಕ್ಕೆ, ಇದು ಹೇಳಿದ ದಾರಿಯಲ್ಲಿ ಅಲ್ಲದೆ ಬಾಡಿಗೆದಾರರನ್ನು ಹೊರಹಾಕುವಂತಿಲ್ಲ ಎಂದು ಆ ಕಲಂ ಶುರುವಾಗುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 11 ತಿಂಗಳು ಮುಗಿಯಿತು ಅನ್ನುವುದು ಮನೆ ಬಿಡಿಸಲು ಒಂದು ಕಾರಣವೇ ಅಲ್ಲ. ಎಗ್ರಿಮೆಂಟ್ ಮುಗಿದ ಮೇಲೂ ನೀವು ಬಾಡಿಗೆದಾರರೇ. ಮಾಲೀಕರಿಗೆ ಮನೆ ಬೇಕಿದ್ದರೆ ಅವರು ಬಾಡಿಗೆ ನಿಯಂತ್ರಣ ಕೋರ್ಟಿಗೆ ಹೋಗಬೇಕು. ಸಾಮಾನ್ಯವಾಗಿ ಮುನ್ಸಿಫ್ ದರ್ಜೆಯ ಸಿವಿಲ್ ನ್ಯಾಯಾಧೀಶರೇ ಆ ಕೋರ್ಟು ನಡೆಸುವುದು. ಕಾಯ್ದೆಯಲ್ಲಿರುವ ಕಾರಣಗಳಲ್ಲಿ ಒಂದನ್ನಾದರೂ ಅಲ್ಲಿ ಸಾಬೀತು ಮಾಡಬೇಕು.

ಆ ಕಾರಣಗಳಲ್ಲಿ ನಿಮಗೆ ಸಂಬಂಧ ಬರುವಂಥದ್ದು ಎರಡು. ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವುದು, ಮನೆಯನ್ನು ಹಾಳುಗೆಡವುವುದು, ಸುಮ್ನೆ ಆರು ತಿಂಗಳು ಬೀಗ ಹಾಕಿಟ್ಟು ಹೋಗುವುದು, ನಿಮಗೆ ಬೇರೆ ಮನೆ ಆಗಿರುವುದು, ಕಟ್ಟಡ ಕೆಡವಿ ಕಟ್ಟಬೇಕಾಗಿರುವುದು, ಇಂಥವೂ ಇವೆ. ನೀವು ಬರೆದದ್ದು ನೋಡಿದರೆ ಅವು ನಿಮ್ಮ ವಿಷಯದಲ್ಲಿ ಇಲ್ಲ.

ಮೊದಲನೆಯದು ಬಾಡಿಗೆ ಬಾಕಿ. ಇಲ್ಲೂ ಕಾಯ್ದೆ ಏಕಾಏಕಿ ಹೊರಹಾಕಲು ಬಿಡುವುದಿಲ್ಲ. ಮಾಲೀಕರು ಅಂಚೆಯಲ್ಲಿ ರಿಜಿಸ್ಟರ್ಡ್ ನೋಟಿಸ್ ಕಳಿಸಬೇಕು. ಅದು ಕೈಗೆ ಬಂದ 15 ದಿನದೊಳಗೆ ಬಾಕಿ, ಅದರ ಮೇಲೆ ವರ್ಷಕ್ಕೆ 6% ಬಡ್ಡಿ, ನೋಟಿಸಿನ ಅಂಚೆ ಖರ್ಚು ಕೊಟ್ಟುಬಿಟ್ಟರೆ ಕೇಸು ಹಾಕುವಂತೆಯೇ ಇಲ್ಲ. ಕೋರ್ಟ್ ಆದೇಶ ಆದ ಮೇಲೂ ಒಂದು ತಿಂಗಳ ಅವಕಾಶ ಇದೆ, ಅಷ್ಟರಲ್ಲಿ ಬಡ್ಡಿ, ಖರ್ಚು ಸೇರಿಸಿ ಕಟ್ಟಿದರೆ ಆ ಆದೇಶ ರದ್ದಾಗುತ್ತದೆ. ನೋಟಿಸನ್ನು ತಗೊಳ್ಳದೆ ವಾಪಸು ಕಳಿಸಿದರೂ ಆ 15 ದಿನದ ಲೆಕ್ಕ ಶುರುವಾಗುತ್ತದೆ. ಪೋಸ್ಟ್‌ಮ್ಯಾನ್ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ.

ನಿಮ್ಮ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ಒಂಬತ್ತು ವರ್ಷ ಕೈಯಲ್ಲೇ ಹಣ ಕೊಟ್ಟಿದ್ದೀರಿ, ರಶೀದಿಯ ಮಾತೇ ನೀವು ಎತ್ತಿಲ್ಲ. ನಾಳೆ ಅವರು "ಎರಡು ವರ್ಷದ ಬಾಡಿಗೆ ಬಾಕಿ ಇದೆ" ಎಂದರೆ ನಿಮ್ಮ ಹತ್ತಿರ ತೋರಿಸಲು ಏನಿದೆ? ಬಾಡಿಗೆ ಕೊಟ್ಟವರಿಗೆ ರಶೀದಿ ಕೇಳುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಈ ತಿಂಗಳಿನಿಂದ ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ. ಖಾತೆ ನಂಬರ್ ಕೊಡದಿದ್ದರೆ, ಹಣ ತಗೊಳ್ಳದಿದ್ದರೆ ಮನಿ ಆರ್ಡರ್ ಕಳಿಸಿ, ಅದರ ಚೀಟಿ ಎತ್ತಿಡಿ. ಜತೆಗೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ: ಇಂಥ ತಿಂಗಳ ಬಾಡಿಗೆ ಇಂಥ ದಿನ ಕೊಟ್ಟಿದ್ದೇವೆ ಎಂದು. ಕಳೆದ ವರ್ಷಗಳ ಬಗ್ಗೆಯೂ, "ಇಲ್ಲಿಯವರೆಗಿನ ಬಾಡಿಗೆ ಎಲ್ಲ ನಿಮ್ಮ ಅಣ್ಣನ ಕೈಯಲ್ಲಿ ಕೊಟ್ಟಾಗಿದೆ" ಎಂದು ಬರೆದು, ಅವರು ಸರಿ ಎಂದರೆ ಆ ಉತ್ತರ ಜೋಪಾನ.

ಹಣ ಬ್ಯಾಂಕಿಗೆ ಹಾಕುವಾಗ ಒಂದು ತೆರಿಗೆ ವಿಷಯ ಇದೆ. ಗಲ್ಫ್ ಮಾಲೀಕರ ಮನೆಗಳಲ್ಲಿ ಇರುವವರು ಇದನ್ನು ತಿಳಿದಿರಬೇಕು. ಮಾಲೀಕರು ಆದಾಯ ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಿದ್ದರೆ, ಬಾಡಿಗೆ ಚಿಕ್ಕದಾದರೂ ಬಾಡಿಗೆದಾರರೇ ಕೊಡುವ ಬಾಡಿಗೆಯಿಂದ ಮೊದಲೇ ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಅನ್ನುವುದು ನಿಯಮ. ದರ 30%, ಅದರ ಮೇಲೆ ಸೆಸ್. ಇಲ್ಲೇ ಇರುವ ಮಾಲೀಕರಾದರೆ ಮನೆ ಬಾಡಿಗೆ ತಿಂಗಳಿಗೆ 50,000 ರೂಪಾಯಿ ದಾಟಿದರೆ ಮಾತ್ರ ಆ ಪ್ರಶ್ನೆ. ನಮ್ಮ ಕಡೆ ಹೆಚ್ಚಿನವರು ಇದನ್ನು ಕೇಳಿಯೇ ಇಲ್ಲ. ತೆರಿಗೆ ಇಲಾಖೆ ಕೇಳುವುದು ಹಣ ಕೊಟ್ಟವರನ್ನು, ಹಾಗಾಗಿ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೇಳಿ, ಮಾಲೀಕರ ಜತೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳಿ.

ಎರಡನೆಯ ಕಾರಣ, ಮಾಲೀಕರಿಗೆ ನಿಜವಾಗಿ ಮನೆ ಬೇಕಾಗಿರುವುದು. ಅವರು ದುಬೈ ಬಿಟ್ಟು ಊರಿಗೆ ಬರುತ್ತಾರೆ, ಇಲ್ಲವೇ ಅವರನ್ನೇ ನಂಬಿಕೊಂಡಿರುವ ಮನೆಯವರಿಗೆ ಬೇಕು ಅನ್ನುತ್ತಾರೆ. ಇದು ಬಲವಾದ ಕಾರಣ, ನಿಮಗೆ ಸುಳ್ಳು ಧೈರ್ಯ ಹೇಳಲಾರೆ. ಯಾವ ಮನೆಯಲ್ಲಿ ತಾನು ವಾಸ ಮಾಡಬೇಕು ಅನ್ನುವುದನ್ನು ಮಾಲೀಕರೇ ಚೆನ್ನಾಗಿ ಬಲ್ಲರು ಎಂಬ ಕಡೆಗೆ ಕೋರ್ಟುಗಳು ವಾಲುತ್ತವೆ. ಆದರೂ ಮಿತಿ ಇದೆ. ಅದೇ ಊರಿನಲ್ಲಿ ಅವರ ಕೈಯಲ್ಲಿ ಖಾಲಿ ಇರುವ ಇನ್ನೊಂದು ಸ್ವಂತ ಮನೆ ಇದ್ದರೆ, ವಿಶೇಷ ಕಾರಣ ತೋರಿಸದೆ ಅವರಿಗೆ ಆದೇಶ ಸಿಗುವುದಿಲ್ಲ. ಮನೆ ಬಿಡಿಸಿಕೊಂಡು ಒಂದು ತಿಂಗಳೊಳಗೆ ಅವರು ವಾಸಕ್ಕೆ ಬರದಿದ್ದರೆ, ಇಲ್ಲವೇ ಬಂದು ಆರು ತಿಂಗಳೊಳಗೆ ಸರಿಯಾದ ಕಾರಣ ಇಲ್ಲದೆ ಬಿಟ್ಟು ಹೋದರೆ, ಮನೆ ವಾಪಸು ಕೊಡಿಸಿ ಎಂದು ನೀವು ಅದೇ ಕೋರ್ಟಿಗೆ ಹೋಗಬಹುದು. ಸ್ವಂತಕ್ಕೆ ಬೇಕು ಎಂದು ಹೇಳಿ ಬಿಡಿಸಿ, ಜಾಸ್ತಿ ಬಾಡಿಗೆಗೆ ಬೇರೆಯವರಿಗೆ ಕೊಡುವುದನ್ನು ತಡೆಯಲೆಂದೇ ಇರುವ ಮಾತು ಇದು.

ಈಗ ಹಳೆಯ ಕಾನೂನಿಗೂ ಹೊಸ ಮಾದರಿಗೂ ಇರುವ ವ್ಯತ್ಯಾಸಕ್ಕೆ ಬರುತ್ತೇನೆ. ಸರ್ಕಾರಗಳು ಬಾಡಿಗೆ ಕಾನೂನನ್ನು ಮರುಪರಿಶೀಲನೆ ಮಾಡುತ್ತಿವೆ ಎಂದಾಗ ನಿಜಕ್ಕೂ ಬದಲಾಗುವುದು ಇದೇ. ಹಳೆಯ ಕಾನೂನಿನಲ್ಲಿ ನಿಮ್ಮನ್ನು ಕಾಯುವುದು ಕಾನೂನು. ಹೊಸ ಮಾದರಿಯಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಕೈಯಲ್ಲಿರುವ ಕರಾರು. ಮಾದರಿ ಕಾಯ್ದೆ ಪ್ರಕಾರ ಲಿಖಿತ ಕರಾರು ಕಡ್ಡಾಯ. ಅದನ್ನು ಮಾಡಿದ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಬಾಡಿಗೆ ಎಷ್ಟು, ಯಾವಾಗ ಏರುತ್ತದೆ, ಎಷ್ಟು ಕಾಲ, ಎಲ್ಲ ಕರಾರಿನಂತೆ. ಅವಧಿ ಮುಗಿದ ಮೇಲೂ ಬಿಡದಿದ್ದರೆ ಮೊದಲ ಎರಡು ತಿಂಗಳು ಎರಡು ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ನಿಮ್ಮನ್ನು ಹೆದರಿಸಲು ಬಳಸಿದ್ದು ಇದನ್ನೇ.

ಆ ಮಾದರಿಯಲ್ಲಿ ಒಳ್ಳೆಯದೂ ಇದೆ. ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ನಮ್ಮಲ್ಲಿ ಅಡ್ವಾನ್ಸ್ ಅಂದರೆ ಮಾಲೀಕರು ಹೇಳಿದಷ್ಟು ಎಂಬ ರೂಢಿ. ಊರಿಂದ ಕೆಲಸಕ್ಕೆಂದು ಬಂದು ಕ್ವಾರ್ಟರ್ಸ್ ಹುಡುಕುವವರಿಗೆ ಅದೇ ದೊಡ್ಡ ಹೊರೆ. ರಿಪೇರಿಯಲ್ಲಿ ಯಾವುದು ಮಾಲೀಕರದ್ದು, ಯಾವುದು ಬಾಡಿಗೆದಾರರದ್ದು ಎಂದೂ ಅದು ಹಂಚಿ ಕೊಟ್ಟಿದೆ. ಗೋಡೆ, ಸುಣ್ಣ ಬಣ್ಣ, ಪೈಪು, ವಯರಿಂಗ್ ಮಾಲೀಕರ ಪಾಲು. ಸ್ವಿಚ್ಚು, ಚರಂಡಿ ಸ್ವಚ್ಛ ಮಾಡುವುದು, ಅಡುಗೆಮನೆಯ ಸಣ್ಣಪುಟ್ಟದು ಬಾಡಿಗೆದಾರರ ಪಾಲು. ಮಾಲೀಕರು ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲೇ ತಿಳಿಸಬೇಕು. ಇವೆಲ್ಲ 1965ರ ಕಾಯ್ದೆಯಲ್ಲಿ ಇಷ್ಟು ಸ್ಪಷ್ಟವಾಗಿ ಇಲ್ಲ. ಇವು ಬೇಕೇ ಬೇಕು ಎಂದು ನಾನೂ ಹೇಳುತ್ತೇನೆ.

ನನ್ನ ತಕರಾರು ಒಂದೇ. ಎಲ್ಲವೂ ಕಾಗದದ ಮೇಲೆ ನಿಂತರೆ, ಕಾಗದ ಇಲ್ಲದವರ ಗತಿ ಏನು? ನಮ್ಮ ಗಡಿಯ ಆಚೀಚೆ ಇದಕ್ಕೆ ಎರಡು ರೀತಿಯ ಉತ್ತರ ಇದೆ. ತಮಿಳುನಾಡು ತನ್ನ 1960ರ ಕಾನೂನನ್ನು ತೆಗೆದು 2017ರ ಹೊಸ ಕಾಯ್ದೆಯನ್ನು 2019ರ ಫೆಬ್ರವರಿ 22ರಿಂದ ಜಾರಿಗೆ ತಂದಿತು. ಹೊಸೂರಿನ ನಮ್ಮವರಿಗೆ ಅನ್ವಯ ಆಗುವುದು ಅದೇ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಅಡ್ವಾನ್ಸ್ ಮೂರು ತಿಂಗಳಿಗೆ ನಿಂತಿತು, ಅದು ಒಳ್ಳೆಯದೇ. ಆದರೆ ಲಿಖಿತ ಕರಾರು ಆಗದೆ ಇರುವುದನ್ನೇ ಮನೆ ಬಿಡಿಸಲು ಒಂದು ಕಾರಣವಾಗಿ ಆ ಕಾಯ್ದೆಯಲ್ಲಿ ಬರೆದರು. ಹಳೆಯ ಬಾಡಿಗೆದಾರರಿಗೂ ಅದು ತಟ್ಟಿತು. ಕರಾರು ಮಾಡಿಕೊಳ್ಳುವ ಗಡುವನ್ನು ಸರ್ಕಾರವೇ ಮುಂದೂಡಬೇಕಾಯಿತು. ಸಹಿ ಹಾಕಲು ಮಾಲೀಕರೇ ಒಪ್ಪದಿದ್ದರೂ ಹೊರಗೆ ಬೀಳುವ ಭಯ ಬಾಡಿಗೆದಾರರಿಗೆ. ಇದು ನನಗೆ ಅನ್ಯಾಯ ಎಂದೇ ಕಾಣುತ್ತದೆ.

ಮಹಾರಾಷ್ಟ್ರದ 1999ರ ಕಾಯ್ದೆ ಬೇರೆ ದಾರಿ ಹಿಡಿದಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರು ಇದನ್ನು ಬಲ್ಲರು. ಅಲ್ಲಿಯೂ ಕರಾರು ಲಿಖಿತವಾಗಿರಬೇಕು, ರಿಜಿಸ್ಟರ್ ಆಗಿರಬೇಕು. ಆದರೆ ರಿಜಿಸ್ಟರ್ ಮಾಡಿಸುವ ಹೊಣೆ ಮಾಲೀಕರದ್ದು. ಮಾಡಿಸದಿದ್ದರೆ ಶಿಕ್ಷೆಯೂ ಅವರಿಗೇ. ಇನ್ನೂ ಮುಖ್ಯವಾದದ್ದು, ಲಿಖಿತವಾಗಿ ರಿಜಿಸ್ಟರ್ ಆದ ಕರಾರು ಇಲ್ಲದಾಗ ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದನ್ನೇ ಕೋರ್ಟು ಒಪ್ಪುತ್ತದೆ. ಅದು ಸರಿಯಲ್ಲ ಎಂದಾದರೆ ಮಾಲೀಕರು ಸಾಬೀತು ಮಾಡಬೇಕು. ಎರಡೂ ರಾಜ್ಯ ಕಾಗದ ಬೇಕು ಎಂದೇ ಹೇಳಿದವು. ಕಾಗದ ಇಲ್ಲದಾಗ ನಷ್ಟ ಯಾರಿಗೆ ಅನ್ನುವಲ್ಲಿ ಮಾತ್ರ ಬೇರೆಯಾದವು. ಕೇರಳ ತನ್ನ ಕಾನೂನನ್ನು ಬದಲಿಸುವ ದಿನ ಬಂದರೆ ಈ ಒಂದು ವಿಷಯದಲ್ಲಿ ಮಹಾರಾಷ್ಟ್ರವನ್ನು ನೋಡಬೇಕು. ಬರೆಸಲು ದುಡ್ಡು, ಸಮಯ, ಪರಿಚಯ ಇರುವುದು ಸಾಮಾನ್ಯವಾಗಿ ಮನೆ ಇರುವವರಿಗೆ, ಬಾಡಿಗೆಗೆ ಬರುವವರಿಗಲ್ಲ.

ಮಾಲೀಕರ ಕಡೆಯ ಮಾತೂ ಇದೆ. ಅದನ್ನು ತಳ್ಳಿಹಾಕಿದರೆ ಈ ಉತ್ತರ ಅರ್ಧವಾಗುತ್ತದೆ. 2011ರ ಜನಗಣತಿಯ ಪ್ರಕಾರ ದೇಶದ ಪಟ್ಟಣಗಳಲ್ಲಿ ಒಂದು ಕೋಟಿಗೂ ಜಾಸ್ತಿ ಮನೆಗಳು ಖಾಲಿ ಬಿದ್ದಿದ್ದವು. ಕೊಟ್ಟರೆ ವಾಪಸು ಸಿಗುವುದಿಲ್ಲ ಎಂಬ ಭಯ ಅದಕ್ಕೆ ಒಂದು ದೊಡ್ಡ ಕಾರಣ. ಬಾಡಿಗೆಯನ್ನು ಹಳೆಯ ಕಾಲದಲ್ಲೇ ಕಟ್ಟಿಹಾಕಿದ ಕಾನೂನುಗಳೂ ಇದ್ದವು. ಮುಂಬೈಯ ಕಾನೂನು 1940ರ ಬಾಡಿಗೆಯನ್ನೇ ಹಿಡಿದುಕೊಂಡಿತ್ತು. ಅದು ತರ್ಕಕ್ಕೆ ನಿಲ್ಲುವುದಿಲ್ಲ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪಿಗೆ ನಮ್ಮ ಕರಾವಳಿಯ ಹೆಸರೇ ಇದೆ, ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣ ಎಂದು. ಕೇರಳದಲ್ಲೂ ಆಸ್ತಿ ತೆರಿಗೆ ಲೆಕ್ಕದ ಮೇಲೆ ಬಾಡಿಗೆ ನಿಗದಿ ಮಾಡುವ ಕಲಂಗಳನ್ನು 1995ರಲ್ಲೇ ಹೈಕೋರ್ಟ್ ತಳ್ಳಿಹಾಕಿತ್ತು.

ಕಾಸರಗೋಡಿನಲ್ಲಿ ಈ ಭಯಕ್ಕೆ ಇನ್ನೂ ಆಳವಾದ ಬೇರು ಇದೆ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಪೂರ್ತಿ ಜಾರಿಗೆ ಬಂದಾಗ ಗೇಣಿಗೆ ಕೊಟ್ಟ ಗದ್ದೆ, ತೋಟ ಕೈ ಬಿಟ್ಟು ಹೋದ ಕತೆ ಇಲ್ಲಿನ ಎಷ್ಟೋ ಮನೆಗಳಲ್ಲಿದೆ. ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಅಲ್ಲೇ ಇರುವ ಹಕ್ಕು, ಅಂದರೆ ಕುಡಿಕಿಡಪ್ಪು, ಸಿಕ್ಕಿತು. ಉಳುವವರಿಗೆ ಸಿಕ್ಕಿದ ಆ ನ್ಯಾಯದ ಬಗ್ಗೆ ನನಗೆ ಗೌರವ ಇದೆ. ಆದರೆ ಅದನ್ನು ಇವತ್ತಿನ ಬಾಡಿಗೆ ಮನೆಗೆ ತಂದು ಅಂಟಿಸುವುದು ತಪ್ಪು. ಕುಡಿಕಿಡಪ್ಪು ಇದ್ದದ್ದು ಕಟ್ಟುವಾಗ 750 ರೂಪಾಯಿಗಿಂತ ಜಾಸ್ತಿ ಖರ್ಚಾಗದ, ಅಥವಾ ತಿಂಗಳಿಗೆ 5 ರೂಪಾಯಿಗಿಂತ ಜಾಸ್ತಿ ಬಾಡಿಗೆ ಬಾರದ ಗುಡಿಸಲಿಗೆ. ತಾರಸಿ ಮನೆಯ ಬಾಡಿಗೆದಾರರಿಗೆ ಅದು ಬರುವುದಿಲ್ಲ. "12 ವರ್ಷ ಇದ್ದರೆ ಮನೆ ಅವರದ್ದೇ" ಅನ್ನುವುದೂ ಹಾಗೆಯೇ. ಬಾಡಿಗೆ ಕೊಟ್ಟು ಇರುವವರು ಮಾಲೀಕರ ಒಪ್ಪಿಗೆಯಿಂದ ಇರುವವರು. ಎಷ್ಟು ವರ್ಷ ಇದ್ದರೂ ಅದರಿಂದ ಒಡೆತನ ಹುಟ್ಟುವುದಿಲ್ಲ. ನಿಮ್ಮ ಮಾಲೀಕರ ಅಣ್ಣ ಒಂಬತ್ತನೇ ವರ್ಷಕ್ಕೆ ಕಾಗದ ಹಿಡಿದು ಬಂದದ್ದರ ಹಿಂದೆ ಈ 12ರ ಭಯವೇ ಇರಬಹುದು. ಹಾಗಿದ್ದರೆ ಮಾತಿನಲ್ಲೇ ಬಗೆಹರಿಯಬಹುದು. "ಮನೆ ನಿಮ್ಮದೇ, ನಾವು ಬಾಡಿಗೆದಾರರು, ಬರೆದು ಕೊಡಲು ತಯಾರಿದ್ದೇವೆ" ಎಂದು ಹೇಳಿ ನೋಡಿ. ಅದರಿಂದ ನಿಮಗೆ ನಷ್ಟ ಏನೂ ಇಲ್ಲ. ನೀವು ಬಾಡಿಗೆದಾರರು ಎಂದು ಅವರೂ ಒಪ್ಪಿದಂತಾಯಿತು, ಅಲ್ವಾ?

ಇನ್ನು ನಿಮ್ಮ ಕೈಯಲ್ಲಿರುವ ಕಾಗದ. ಕರಾರು ಮಾಡಿಕೊಳ್ಳುವುದೇ ಬೇಡ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಕರಾರು ನಿಮಗೂ ಒಳ್ಳೆಯದು. ಓದಲಾಗದ ಕಾಗದಕ್ಕೆ ಸಹಿ ಬೇಡ ಎಂದಷ್ಟೇ ಹೇಳುತ್ತೇನೆ. ಏನಿದೆ ಎಂದು ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದರೆ ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ. ಎರಡೂ ಭಾಷೆ ಓದಬಲ್ಲ, ಮಾಲೀಕರ ಕಡೆಯವರಲ್ಲದ ಒಬ್ಬರ ಹತ್ತಿರ ಪದ ಪದವಾಗಿ ಓದಿಸಿ. ಮುಖ್ಯವಾಗಿ ಮೂರು ಕಡೆ ಕಣ್ಣಿಡಬೇಕು. ನಿಮ್ಮನ್ನು ಬಾಡಿಗೆದಾರರು ಎನ್ನದೆ "ಲೈಸೆನ್ಸ್" ಮೇಲೆ ಇರುವವರು ಎಂದು ಬರೆದಿದೆಯಾ ನೋಡಿ. ಲೈಸೆನ್ಸ್ ಅಂದರೆ ಬರೀ ಇರಲು ಕೊಟ್ಟ ಅನುಮತಿ, ಹಾಗಾದರೆ ಬಾಡಿಗೆ ಕಾಯ್ದೆಯ ರಕ್ಷಣೆ ತಪ್ಪುತ್ತದೆ. ಕೋರ್ಟುಗಳು ಹೆಸರನ್ನಲ್ಲ, ವ್ಯವಹಾರದ ನಿಜ ಸ್ವರೂಪ ನೋಡುತ್ತವೆ ಎಂಬುದು ನಿಜ, ಆದರೆ ಆ ಜಗಳಕ್ಕೆ ನೀವು ಯಾಕೆ ಬೀಳಬೇಕು? ಹಳೆಯ ಬಾಡಿಗೆ ಮುಗಿಸಿ ಮನೆ ಒಪ್ಪಿಸಿದ್ದೇವೆ, ಇವತ್ತಿನಿಂದ ಹೊಸದಾಗಿ ಬಂದಿದ್ದೇವೆ ಎಂಬ ಸಾಲು ಇದ್ದರೆ ನಿಮ್ಮ ಒಂಬತ್ತು ವರ್ಷ ಅಳಿಸಿಹೋಗುತ್ತದೆ, ನಾಳೆ ಹೊಸ ಕಾನೂನು ಬಂದರೆ ನೀವು ಹೊಸ ಬಾಡಿಗೆದಾರರ ಸಾಲಿಗೆ ಸೇರುತ್ತೀರಿ. ಬಾಕಿ ಇದೆ ಎಂದು ಒಪ್ಪಿಕೊಂಡಂತೆ ಯಾವುದಾದರೂ ಮೊತ್ತ ಬರೆದಿದೆಯಾ ಎಂದೂ ನೋಡಿ.

ಕರಾರನ್ನು ಕನ್ನಡದಲ್ಲೇ ಬರೆಸಿ ಎಂದು ಕೇಳಲು ನಿಮಗೆ ಪೂರ್ತಿ ಅವಕಾಶ ಇದೆ. ಖಾಸಗಿ ಕರಾರು ಮಲಯಾಳದಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಎರಡು ಭಾಷೆಯಲ್ಲಿ ಅಕ್ಕಪಕ್ಕ ಬರೆಸಿದರೆ ಇನ್ನೂ ಒಳ್ಳೆಯದು. ಒಂದು ವರ್ಷ ಮೀರಿದ ಅವಧಿ ಆದರೆ ರಿಜಿಸ್ಟರ್ ಮಾಡಿಸಬೇಕು. ಎಲ್ಲರೂ 11 ತಿಂಗಳು ಎಂದು ಬರೆಸುವುದು ಅದನ್ನು ತಪ್ಪಿಸಲಿಕ್ಕೆ. ಮಾಲೀಕರ ಪರವಾಗಿ ಅಣ್ಣ ಸಹಿ ಹಾಕುವುದಾದರೆ ಅಧಿಕಾರ ಪತ್ರ ತೋರಿಸಲು ಕೇಳಿ.

ಬಾಡಿಗೆ ಏರಿಸುವ ಮಾತು ಬಂದರೆ ಪೂರ್ತಿ ಇಲ್ಲ ಎನ್ನಬೇಡಿ. ಒಂಬತ್ತು ವರ್ಷದಲ್ಲಿ ಸುತ್ತಲಿನ ಬಾಡಿಗೆ ಏರಿರುತ್ತದೆ. ನಿಮ್ಮ ಬೀದಿಯ ದರ ವಿಚಾರಿಸಿ, ಕೈಗೆಟಕುವ ಮೊತ್ತ ಹೇಳಿ, ಒಪ್ಪಿದ್ದನ್ನು ಬರೆದಿಡಿ. ಒಪ್ಪಿಗೆ ಆಗುವವರೆಗೆ ಹಳೆಯ ಬಾಡಿಗೆಯನ್ನೇ ಸಮಯಕ್ಕೆ ಸರಿಯಾಗಿ ಕೊಡುತ್ತಿರಿ. ಒತ್ತಡ ಹಾಕಲು ನೀರು, ಕರೆಂಟು ತೆಗೆದರೆ ಅದು 13ನೇ ಕಲಂಗೆ ವಿರುದ್ಧ. ಅದಕ್ಕೆ ಸರ್ಕಾರ ನೇಮಿಸಿದ ಅಕಾಮಡೇಶನ್ ಕಂಟ್ರೋಲರ್ ಎಂಬ ಅಧಿಕಾರಿಗೆ ದೂರು ಕೊಡಬಹುದು.

ಕೇರಳದಲ್ಲಿ ಹೊಸ ಬಾಡಿಗೆ ಕಾನೂನಿನ ಕರಡು ಬಂದಾಗ ಸುಮ್ನೆ ಕೂರಬೇಡಿ ಎಂದು ಈ ಗಡಿಯ ಎಲ್ಲ ಬಾಡಿಗೆದಾರರಿಗೂ ಹೇಳುತ್ತೇನೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಮೂನೆ ಕರಾರು ಕನ್ನಡದಲ್ಲೂ ಇರಲಿ, ಕಾಗದ ಇಲ್ಲದ ತಪ್ಪು ಬಾಡಿಗೆದಾರರ ತಲೆಗೆ ಬೀಳದಿರಲಿ, ಹಳೆಯ ಬಾಡಿಗೆಗಳಿಗೆ ಹಳೆಯ ರಕ್ಷಣೆ ಉಳಿಯಲಿ. ಈ ಮೂರನ್ನು ಬರೆದು ಕಳಿಸಿದರೂ ಸಾಕು.

ನಿಮಗೆ ವಕೀಲರ ಖರ್ಚಿನ ಚಿಂತೆ ಇದ್ದರೆ, 1987ರ ಕಾನೂನು ಸೇವಾ ಕಾಯ್ದೆ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಮನೆಯಲ್ಲಿ ಯಾರಾದರೂ ಮಹಿಳೆಯ ಹೆಸರಿನಲ್ಲಿ ಎಗ್ರಿಮೆಂಟ್ ಇದ್ದರೆ ಅವರೇ ಅರ್ಜಿ ಹಾಕಲಿ. ಪರಿಶಿಷ್ಟ ಜಾತಿ, ಪಂಗಡದವರಿಗೂ ಇದೇ ಸೌಲಭ್ಯ ಇದೆ, ಉಳಿದವರಿಗೆ ಆದಾಯದ ಮಿತಿ ಇದೆ. ವಿದ್ಯಾನಗರದ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳಿ. ಹೋಗುವಾಗ ಹಳೆಯ ಮೂರೂ ಎಗ್ರಿಮೆಂಟ್, ಈಗ ಕೊಟ್ಟಿರುವ ಕಾಗದ, ಆ ವಿಳಾಸ ಇರುವ ರೇಷನ್ ಕಾರ್ಡ್ ಅಥವಾ ಗ್ಯಾಸ್ ಪುಸ್ತಕ, ಮಾಲೀಕರ ಜತೆ ಮಾತಾಡಿದ ಮೆಸೇಜುಗಳಿರುವ ಫೋನ್ ತಗೊಂಡು ಹೋಗಿ. ಅವರು ಕೊಟ್ಟ ಕಾಗದದ ಮೂಲ ಪ್ರತಿಯನ್ನು ವಾಪಸು ಕೇಳಿದರೆ, ಮೊದಲು ಫೋಟೊ ತೆಗೆದುಕೊಂಡು ಆಮೇಲೆ ಕೊಡಿ.